ಉಳಿದ ಮಾತ್ರೆಗಳು

೪ ಫೆಬ್ರವರಿ

ತಮ್ಮನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ನಿನ್ನ ಕಂಪನಿಯವರು ನನಗೊಂದು ಕಾಗದ ಕಳಿಸಿದ್ದಾರೆ. ‘ಔಷಧಿ ಪ್ರಯೋಗದಲ್ಲಿ ತಾವು ಪಾಲ್ಗೊಂಡಿದ್ದಕ್ಕೆ ಆಭಾರಿಗಳಾಗಿದ್ದೇವೆ. ಸದರಿ ಪ್ರಯೋಗವನ್ನು ಈ ತಿಂಗಳ ಅಂತ್ಯಕ್ಕೆ ಮುಕ್ತಾಯಗೊಳಿಸಲಾಗುತ್ತಿದ್ದು, ತದನಂತರ ಔಷಧಿ ಪೂರೈಕೆ ಇರುವುದಿಲ್ಲ.’ ಅಷ್ಟೇ, ಮುಗಿಯಿತು. ಕೆಳಗೊಂದು ಸಹಿ, ಅದೂ ಅಚ್ಚು ಹಾಕಿದ್ದು. ಆಭಾರಿಗಳಂತೆ ಆಭಾರಿಗಳು!

ಹೋದ ವರ್ಷ ಈ ಹೊತ್ತಿಗೆ ನಾನು ಹೇಗಿದ್ದೆ ಅಂತ ನೀನೇ ಬಂದು ನೋಡಿ ಹೋಗಿದ್ದೀಯ. ಶ್ವಾಸಕೋಶದಲ್ಲಿ ಗಡ್ಡೆ. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಬಚ್ಚಲಿಗೆ ಹೋಗಬೇಕಾದರೂ ನಿನ್ನ ಭಾವ ಕೈ ಹಿಡಿಯಬೇಕಿತ್ತು. ಈಗ ಬೆಳಿಗ್ಗೆ ತಿಂಡಿ ತಿಂದು ಕಾರಿನಲ್ಲಿ ಕೂತೆನೆಂದರೆ ಮಧ್ಯಾಹ್ನದವರೆಗೂ ಡ್ರೈವಿಂಗ್ ಕಲಿಸುತ್ತೇನೆ. ಮೊನ್ನೆ ಒಬ್ಬ ಬ್ಯಾಂಕ್ ಮ್ಯಾನೇಜರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದು ಹಾಲಿನ ಬೂತಿನ ಕಟ್ಟೆ ಹತ್ತಿಸಿಬಿಟ್ಟರು. ನಾನು ಅವರನ್ನು ಬೈದದ್ದು ಬೀದಿಯ ಆ ತುದಿಗೆ ಕೇಳಿಸಿತಂತೆ. ಬೈಯಲಿಕ್ಕೆ ಉಸಿರು ಬೇಕಲ್ಲೋ ತಮ್ಮಾ. ಆ ಉಸಿರು ಬಂದದ್ದು ಈ ಮಾತ್ರೆಯಿಂದ. ಗಡ್ಡೆ ಅರ್ಧಕ್ಕರ್ಧ ಕರಗಿದೆ ಎಂದು ಡಾಕ್ಟರೇ ಸ್ಕ್ಯಾನ್ ಹಿಡಿದು ತೋರಿಸಿದ್ದರು. ಈಗ ಕೇಳಿದರೆ ಅದೇ ಡಾಕ್ಟರು, “ನಮ್ಮ ಕೈಲೇನೂ ಇಲ್ಲ ಮೇಡಂ, ಕಂಪನಿ ಕೊಟ್ರೆ ನಾವು ಕೊಡ್ತೀವಿ” ಎಂದು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಾರೆ. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಅದಿನ್ನೂ ಮಾರಾಟಕ್ಕೇ ಬಂದಿಲ್ಲ.

ನೀನು ಆ ಕಂಪನಿಯ ಗೋದಾಮಿನಲ್ಲಿ ಸ್ಟೋರ್ ಆಫೀಸರು. “ನಮ್ಮ ಕಂಪನಿ ಔಷಧಿ ಅಕ್ಕಾ, ಧೈರ್ಯವಾಗಿ ಸೇರ್ಕೋ” ಅಂದವನು ನೀನು. ಈಗ ಫೋನು ಮಾಡಿದಾಗಲೆಲ್ಲ ನಿನಗೆ ಮೀಟಿಂಗು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ನೀನೂ ಇನ್ನು ಮೇಲೆ ಬರೆದೇ ತಿಳಿಸು. ಫೋನಿನಲ್ಲಾದರೆ ಹ್ಞೂಂ ಹ್ಞೂಂ ಎನ್ನುತ್ತ ಜಾರಿಕೊಳ್ಳುತ್ತೀಯ. ನಿನ್ನ ಹ್ಞೂಂ ಅನ್ನು ಲಕೋಟೆಯಲ್ಲಿ ಹಾಕಿ ಕಳಿಸು ನೋಡೋಣ.

ನಾನು ಕೇಳುವುದು ಒಂದೇ. ನನಗೆ ಹಿಡಿಸಿದ ಔಷಧಿಯನ್ನು ಯಾಕೆ ನಿಲ್ಲಿಸುತ್ತಿದ್ದೀರಿ?

ನಿನ್ನ ಅಕ್ಕ

೧೨ ಫೆಬ್ರವರಿ

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ಫೋನ್ ಎತ್ತದೆ ಇದ್ದದ್ದು ಬೇಕೆಂದೇ ಅಲ್ಲ. ಇಲ್ಲಿ ಪರಿಸ್ಥಿತಿ ಸರಿಯಿಲ್ಲ.

ನಮ್ಮ ಕಂಪನಿಯನ್ನು ಬೇರೊಂದು ದೊಡ್ಡ ಕಂಪನಿ ಕೊಂಡುಕೊಂಡಿದೆ. ಇದೇ ಕಾಯಿಲೆಗೆ ಅವರದೇ ಒಂದು ಔಷಧಿ ತಯಾರಾಗುತ್ತಿದೆ. ಅದು ಹೊರಗೆ ಬರಲು ಇನ್ನೂ ಕೆಲವು ವರ್ಷ ಬೇಕು. ಎರಡೆರಡನ್ನು ನಡೆಸುವುದು ವ್ಯಾಪಾರದ ದೃಷ್ಟಿಯಿಂದ ಸರಿಹೋಗದೆಂದು ನಮ್ಮದನ್ನು ಕೈಬಿಟ್ಟಿದ್ದಾರೆ. ಔಷಧಿಯಲ್ಲಿ ದೋಷವಿದೆ ಎಂದು ಯಾರೂ ಹೇಳಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ನಿನ್ನ ವಿಷಯ ಎತ್ತಿದೆ. “ಒಬ್ಬರಿಗೆ ಕೊಟ್ರೆ ಎಲ್ರೂ ಕೇಳ್ತಾರೆ ಕಣ್ರೀ” ಎಂದರು. ನನ್ನ ಕೈಯಲ್ಲಿ ಏನಿದೆ ಹೇಳು? ಬಂದ ಪೆಟ್ಟಿಗೆ ಎಣಿಸುವುದು, ಹೋದ ಪೆಟ್ಟಿಗೆ ಎಣಿಸುವುದು ನನ್ನ ಕೆಲಸ.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಉಳಿದ ಮಾತ್ರೆ ಮತ್ತು ಖಾಲಿ ಬಾಟಲಿಗಳನ್ನು ತಪ್ಪದೆ ವಾಪಸು ಕೊಡು. ನಿಯಮ ಹಾಗಿದೆ. ಬೇಸರ ಮಾಡಿಕೊಳ್ಳಬೇಡ, ಕೋಪವಂತೂ ಬೇಡವೇ ಬೇಡ. ಕೋಪ ನಿನ್ನ ಆರೋಗ್ಯಕ್ಕೆ ಒಳ್ಳೆಯದಲ್ಲ. ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಮ್ಮ

೩ ಮಾರ್ಚ್

ತಮ್ಮನಿಗೆ,

ಕೋಪ ಆರೋಗ್ಯಕ್ಕೆ ಒಳ್ಳೆಯದಲ್ಲವೇ? ಸರಿಯಪ್ಪ. ಔಷಧಿ ಕಿತ್ತುಕೊಳ್ಳುವುದು ಆರೋಗ್ಯಕ್ಕೆ ಬಹಳ ಒಳ್ಳೆಯದು. ನಿನ್ನ ಕಾಗದ ಓದಿ ನಿನ್ನ ಭಾವ, ನಾಲ್ಕು ಜನರೆದುರು ಗಟ್ಟಿಯಾಗಿ ಕೆಮ್ಮದ ಮನುಷ್ಯ, ಕೈಲಿದ್ದ ಲೋಟ ಕುಕ್ಕಿ “ವ್ಯಾಪಾರದ ದೃಷ್ಟಿಯಂತೆ, ಇವರ ದೃಷ್ಟಿ ಇಂಗಿಹೋಗ” ಎಂದರು. ಅವರು ಬೈದದ್ದನ್ನು ನಾನು ಇದೇ ಮೊದಲು ಕೇಳಿದ್ದು.

ನಿಮ್ಮ ನಿಯಮಕ್ಕೆ ನಾವೇನು ಮಾಡಿದೆವು ಅಂತ ಕೇಳು. ನಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದು ಕೋಣೆ ಇದೆ. ಗೋಡೆಗೆ ಒತ್ತಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಸದ್ದಿಲ್ಲದೆ ಓಡುವ ಟಿವಿ, ಯಾವಾಗಲೂ ಅರ್ಧಕ್ಕೇ ತೆರೆಯುವ ಕಿಟಕಿ. ಪ್ರಯೋಗಕ್ಕೆ ಸೇರಿದವರೆಲ್ಲ ಒಂದು ವರ್ಷದಿಂದ ಅಲ್ಲಿ ಒಟ್ಟಿಗೆ ಕೂತು ಒಟ್ಟಿಗೆ ರಕ್ತ ಕೊಟ್ಟಿದ್ದೇವೆ. ನಮ್ಮಲ್ಲಿ ಹಿರಿಯರು ಸ್ಟೇಷನ್ ಮಾಸ್ತರರು, ರೈಲ್ವೆಯಿಂದ ನಿವೃತ್ತರು. ನರ್ಸ್ ಯಾರನ್ನಾದರೂ ಕರೆದರೆ ಸಾಕು, “ಪ್ರಯಾಣಿಕರು ಗಮನಿಸಿ, ಕಿಟಕಿ ಪಕ್ಕದ ಕುರ್ಚಿಯವರು ಸೂಜಿ ಚುಚ್ಚಿಸ್ಕೊಳ್ಳೋಕೆ ಹೊರಟಿದ್ದಾರೆ” ಎಂದು ಕೂಗಿ ಸಾಯುವವರನ್ನೂ ನಗಿಸುತ್ತಿದ್ದರು.

ಅವರಿಗೆ ಕಾಯಿಲೆ ಏರಿಬಿಟ್ಟಿದೆ. ಇನ್ನೊಬ್ಬರು ತರಕಾರಿ ಅಂಗಡಿಯ ಅಜ್ಜಿ, ಅವರಿಗೂ ಅಷ್ಟೇ. ಜೊತೆಗೆ ಕೊಡುತ್ತಿದ್ದ ಹಳೆಯ ಚಿಕಿತ್ಸೆಗೆ ಇಬ್ಬರಿಗೂ ವಾಂತಿ. ಎಷ್ಟೋ ದಿನ ಮಾತ್ರೆಯನ್ನೇ ನುಂಗಿರಲಿಲ್ಲ. ಹೇಳಿದರೆ ಪ್ರಯೋಗದಿಂದ ತೆಗೆದುಬಿಡುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. ಹಾಗಾಗಿ ಮನೆಯಲ್ಲಿ ಬಾಟಲಿಗಟ್ಟಲೆ ಉಳಿದಿತ್ತು.

ಕೊನೆಯ ದಿನಕ್ಕೆ ಮುಂಚೆ ಮಾಸ್ತರರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, “ನನ್ನ ಗಾಡಿ ತಪ್ಪಿಹೋಯ್ತಮ್ಮಾ. ನಿಮ್ದು ಓಡ್ತಾ ಇದೆ, ಓಡ್ಲಿ. ಈ ಸರಕು ನೀವಿಟ್ಕೊಳ್ಳಿ” ಎಂದರು. ಅಜ್ಜಿಯೂ ಚೀಲದಿಂದ ತೆಗೆದು ಕೊಟ್ಟಿತು. ಖಾಲಿ ಬಾಟಲಿ ವಾಪಸು ಕೊಡಲೇಬೇಕಲ್ಲ, ಅದಕ್ಕೆ ಮಾತ್ರೆಗಳನ್ನಷ್ಟೇ ಸುರಿದುಕೊಂಡು ಬಾಟಲಿ ಕೊಟ್ಟುಬಿಟ್ಟೆವು. ನುಂಗಿ ಮುಗಿಸಿದೆವು ಎಂದು ಮೂವರೂ ಒಂದೇ ಪಾಠ ಒಪ್ಪಿಸಿದೆವು. ನರ್ಸ್ ನಮ್ಮ ಮುಖ ನೋಡಿದಳು, ಬಾಟಲಿ ನೋಡಿದಳು, ಏನೂ ಕೇಳದೆ ಬರೆದುಕೊಂಡಳು. ಆ ಹುಡುಗಿ ನೂರು ವರ್ಷ ಬಾಳಲಿ.

ನನ್ನ ಕೊನೆಯ ಬಾಟಲಿಯಲ್ಲಿ ಮಿಕ್ಕಿದ್ದೂ ಅವರದೂ ಎಲ್ಲ ಸೇರಿಸಿ ಸ್ಟೀಲಿನ ಡಬ್ಬಕ್ಕೆ ತುಂಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟಿದ್ದೇನೆ. ನಿನಗೆ ಗೊತ್ತಲ್ಲ, ಏನು ತಂದರೂ ಪೊಟ್ಟಣ ಬಿಸಾಡಿ ಡಬ್ಬಕ್ಕೆ ಸುರಿಯದಿದ್ದರೆ ನನಗೆ ಸಮಾಧಾನವಿಲ್ಲ. ಮಳೆಗಾಲ ದಾಟುವವರೆಗೆ ಸಾಕು. ಅಷ್ಟರೊಳಗೆ ನೀನು ದಾರಿ ಹುಡುಕು. ನಿನ್ನ ದೊಡ್ಡ ಕಂಪನಿಯ ಕಣ್ಣಿಗೆ ಮೂರು ಜನ ರೋಗಿಷ್ಟರು ಮಣ್ಣೆರಚಿದ್ದೇವೆ ಅಂತ ನಿನ್ನ ಮುಖ್ಯಸ್ಥರಿಗೆ ಬೇಕಾದರೆ ಹೇಳು!

ನಿನ್ನ ಅಕ್ಕ

೮ ಮಾರ್ಚ್

ಅಕ್ಕಾ,

ಆ ಡಬ್ಬ ಮುಟ್ಟಬೇಡ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ, ಭಾವನೂ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪ್ರಯೋಗಕ್ಕೆ ಸೇರುವಾಗ ನಿನಗೆ ಹೇಳಿದ್ದರು, ನೆನಪು ಮಾಡಿಕೋ. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ಹುಸಿ ಮಾತ್ರೆ. ಒಳಗೆ ಬರೀ ಹಿಟ್ಟಿನಂಥದು, ಔಷಧಿ ಇರುವುದಿಲ್ಲ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಬಾರದೆಂದೇ ಎರಡನ್ನೂ ಒಂದೇ ಬಣ್ಣ, ಒಂದೇ ಅಳತೆ, ಒಂದೇ ರುಚಿಗೆ ಮಾಡಿರುತ್ತಾರೆ. ಗುರುತು ಇದ್ದದ್ದು ಬಾಟಲಿಯ ಮೇಲಿನ ನಂಬರಿನಲ್ಲಿ ಮಾತ್ರ. ನೀವು ಬಾಟಲಿ ಕೊಟ್ಟುಬಿಟ್ಟಿದ್ದೀರಿ. ಲ್ಯಾಬಿನಲ್ಲಿ ಒಡೆದು ನೋಡದೆ ಯಾವುದು ಯಾವುದೆಂದು ಹೇಳಲು ನನ್ನಿಂದಲೂ ಆಗುವುದಿಲ್ಲ, ಒಡೆದ ಮೇಲೆ ಅದು ನುಂಗಲಿಕ್ಕೆ ಬರುವುದಿಲ್ಲ. ನಿನ್ನವನ್ನು ಸ್ವಲ್ಪವಾದರೂ ಬೇರೆ ಇಟ್ಟಿದ್ದೀಯಾ? ಕೂಡಲೇ ತಿಳಿಸು.

ಈ ವಿಷಯ ಯಾರ ಮುಂದೆಯೂ ಹೇಳಬೇಡ. ಮಾತ್ರೆ ಮುಚ್ಚಿಟ್ಟವಳು ನನ್ನ ಅಕ್ಕನೇ ಅಂತ ಗೊತ್ತಾದರೆ ನನ್ನ ಕೆಲಸಕ್ಕೆ ಕುತ್ತು ಬರುತ್ತದೆ.

ನಿನ್ನ ತಮ್ಮ

೨೯ ಮಾರ್ಚ್

ತಮ್ಮನಿಗೆ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ನಿನ್ನ ಕೊನೆಯ ಸಾಲು ಕಣ್ಣಿಗೆ ಬಿದ್ದು ಮೈ ಉರಿಯುತ್ತಿತ್ತು. ನಿನ್ನ ಕೆಲಸಕ್ಕೆ ಕುತ್ತು! ಇಲ್ಲಿ ನನ್ನ ಕುತ್ತಿಗೆಗೇ ಬಂದಿದೆ, ಇವನಿಗೆ ಕೆಲಸದ ಚಿಂತೆ. ನಿನಗೆ ಎರಡು ಬಾರಿಸೋಣವೆಂದರೆ ನೀನು ಇಷ್ಟು ದೂರದಲ್ಲಿದ್ದೀಯ.

ಏನನ್ನೂ ಬೇರೆ ಇಟ್ಟಿರಲಿಲ್ಲ. ಎಲ್ಲ ಕಲಸಿಹೋಗಿತ್ತು. ಕಾಗದ ಬಂದ ದಿನ ನಾನೂ ನಿನ್ನ ಭಾವನೂ ನೆಲದ ಮೇಲೆ ಪೇಪರು ಹಾಸಿ ಡಬ್ಬ ಸುರಿದುಕೊಂಡು ಕೂತೆವು. ಅವರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, “ಇದು ಸ್ವಲ್ಪ ಹಳದಿ ಇದ್ಯಲ್ವೇನೇ?” ಅನ್ನುವುದು, ನಾನು ನೋಡಿ ಇಲ್ಲವೆನ್ನುವುದು. ಒಂದನ್ನು ನಾಲಿಗೆಯ ಮೇಲೂ ಇಟ್ಟು ನೋಡಿದೆ. ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೋ, ಇವರ ಕೈಗೆ ಹುಳ ಬೀಳ! ಮೋಸ ಮಾಡುವಾಗಲಾದರೂ ಒಂದು ತಪ್ಪು ಮಾಡಬಾರದೇ?

ಆ ವಾರವೇ ಸ್ಟೇಷನ್ ಮಾಸ್ತರರು ನಮ್ಮ ಮನೆಗೆ ಬಂದರು. ಆಟೋದಿಂದ ಇಳಿದು ಗೇಟಿನವರೆಗೆ ಬರಲು ಎರಡು ಕಡೆ ನಿಂತರು. ಯಾರಿಗೆ ಯಾವ ಮಾತ್ರೆ ಸಿಕ್ಕಿತ್ತು ಅಂತ ನಿಮ್ಮವರು ಈಗ ತಿಳಿಸುತ್ತಿದ್ದಾರಲ್ಲ, ಅವರಿಗೂ ತಿಳಿಸಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು, “ನಾನು ನಿಮಗೆ ಹಿಟ್ಟು ಕೊಟ್ಟುಬಿಟ್ಟೆನಮ್ಮಾ” ಎಂದರು. ಆಮೇಲೆ ಅಳು. ಅಷ್ಟು ದೊಡ್ಡ ಮನುಷ್ಯರು ಅಳುವಾಗ ನಾನು ಎಲ್ಲಿ ನೋಡಬೇಕೋ ತಿಳಿಯದೆ ಅವರ ಚಪ್ಪಲಿ ನೋಡುತ್ತ ನಿಂತಿದ್ದೆ. ಅಳು ನಿಂತ ಮೇಲೆ ಅವರಿಗೆ ಸಿಟ್ಟು ಬಂತು. “ಒಂದು ವರ್ಷ ಬಸ್ಸು ಹತ್ತಿಳಿದು ರಕ್ತ ಕೊಟ್ಟೆ. ಯಾವತ್ತೂ ಲೇಟಾಗಿ ಹೋದವನಲ್ಲ ನಾನು. ಯಾತಕ್ಕಮ್ಮಾ, ಹಿಟ್ಟು ತಿನ್ನೋಕಾ?”

ಅವರು ಹೋದ ಮೇಲೆ ನನಗೆ ಹೊಳೆಯಿತು ನೋಡು. ಔಷಧಿ ಹಿಡಿದವರು ತಮ್ಮ ಮಾತ್ರೆಯನ್ನು ಯಾಕೆ ಕೊಡುತ್ತಾರೆ? ಕೊಟ್ಟವರೆಲ್ಲ ಏನೂ ಹಿಡಿಯದವರೇ. ಅಜ್ಜಿಯದೂ ಹಿಟ್ಟೇ ಎಂದು ಅವರ ಸೊಸೆ ಫೋನು ಮಾಡಿ ಹೇಳಿದಳು. ಅವರು ಪ್ರೀತಿಯಿಂದ ಕೊಟ್ಟದ್ದು ನನ್ನ ಒಳ್ಳೆಯ ಮಾತ್ರೆಗಳನ್ನೂ ಮುಳುಗಿಸಿತು. ಯಾರನ್ನು ಬೈಯಲಿ? ಅವರನ್ನು ಬೈಯಲಾರೆ. ಕಿತ್ತುಕೊಳ್ಳದೆ ಇದ್ದಿದ್ದರೆ ನಾವು ಹೀಗೆ ಕಳ್ಳರ ಹಾಗೆ ಡಬ್ಬ ತುಂಬಿಕೊಳ್ಳುತ್ತಿರಲಿಲ್ಲ.

ಬೇರೇನೂ ಇಲ್ಲದ್ದಕ್ಕೆ ದಿನಾ ಬೆಳಿಗ್ಗೆ ಅದೇ ಡಬ್ಬಕ್ಕೆ ಕೈ ಹಾಕಿ ಒಂದನ್ನು ನುಂಗುತ್ತೇನೆ. ಔಷಧಿಯೋ ಹಿಟ್ಟೋ ಗೊತ್ತಿಲ್ಲ. ಮೆಟ್ಟಿಲು ಹತ್ತುವಾಗ ಮತ್ತೆ ಅರ್ಧದಲ್ಲಿ ನಿಲ್ಲುತ್ತಿದ್ದೇನೆ. ನನಗೆ ಭಯವಾಗಿದೆ ಕಣೋ.

ನಿನ್ನ ಅಕ್ಕ

೧೫ ಏಪ್ರಿಲ್

ಅಕ್ಕನಿಗೆ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಕೊನೆಗೂ ಒಂದು ಒಳ್ಳೆಯ ಸುದ್ದಿ ಇದೆ. ಮೊದಲು ಅದನ್ನೇ ಬರೆಯುತ್ತೇನೆ: ನಿನಗೆ ಔಷಧಿ ಸಿಗುತ್ತದೆ.

ಮುಖ್ಯಸ್ಥರ ಕಾಲು ಹಿಡಿಯುವುದೊಂದು ಬಾಕಿ, ಮಿಕ್ಕದ್ದೆಲ್ಲ ಮಾಡಿದೆ. ಅವರು ಮೇಲಿನವರ ಹತ್ತಿರ ಮಾತಾಡಿ, ಸಿಬ್ಬಂದಿಯ ಕುಟುಂಬದವರೆಂದು ನಿನಗೊಬ್ಬಳಿಗೆ ಕೊಡಿಸಲು ಒಪ್ಪಿದ್ದಾರೆ. ಇದರ ಜೊತೆ ಒಂದು ಒಪ್ಪಂದ ಇಟ್ಟಿದ್ದೇನೆ. ಔಷಧಿ ಸಿಗುತ್ತಿದೆ ಎಂದು ಬೇರೆ ರೋಗಿಗಳಿಗೆ, ಆಸ್ಪತ್ರೆಗೆ, ಪತ್ರಿಕೆಯವರಿಗೆ ಯಾರಿಗೂ ಹೇಳುವುದಿಲ್ಲವೆಂದು ನೀನು ಸಹಿ ಹಾಕಬೇಕು.

ನಿನಗೆ ಸುಳ್ಳು ಹೇಳಲಾರೆ. ಗೋದಾಮಿನಲ್ಲಿ ದಾಸ್ತಾನು ಬೇಕಾದಷ್ಟಿದೆ. ಅವಧಿ ಮುಗಿಯಲು ಇನ್ನೂ ಬಹಳ ಕಾಲವಿದೆ. ಆಸ್ಪತ್ರೆಗಳಿಗೆ ಮಾತ್ರ ದಾಸ್ತಾನು ಇಲ್ಲವೆಂದು ತಿಳಿಸಿದ್ದಾರೆ. ಎಲ್ಲವನ್ನೂ ಸುಟ್ಟುಹಾಕಬೇಕೆಂದು ಹೊಸ ಯಜಮಾನರ ಆದೇಶವಾಗಿದೆ. ಅದರಲ್ಲಿ ನಿನ್ನ ಪಾಲನ್ನು ಬೇರೆ ತೆಗೆದಿಡುತ್ತಾರೆ.

ದಯವಿಟ್ಟು ಹಟ ಮಾಡದೆ ಸಹಿ ಹಾಕಿ ಕಳಿಸು.

ನಿನ್ನ ತಮ್ಮ

೨೬ ಏಪ್ರಿಲ್

ತಮ್ಮನಿಗೆ,

ಸಹಿ ಹಾಕಿ ಕಳಿಸಿದ್ದೆ, ಮಾತ್ರೆಯೂ ಬಂತು. ಮೊದಲನೆಯದನ್ನು ನುಂಗಿ ನೀರು ಕುಡಿದೆ.

ಬೇರೆ ಯಾರಾದರೂ ಆಗಿದ್ದರೆ ಆ ಒಪ್ಪಂದವನ್ನು ಚೂರು ಚೂರು ಮಾಡಿ ನಿಮ್ಮ ಮುಖ್ಯಸ್ಥರ ಮುಖಕ್ಕೆ ಎಸೆಯುತ್ತಿದ್ದರೇನೋ. ನಾನು ಎಸೆಯಲಿಲ್ಲ. ನನಗೆ ಬದುಕಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಬದುಕಬೇಕು. ಕ್ಲಚ್ಚು ಬ್ರೇಕು ಗೊತ್ತಿಲ್ಲದ ದಡ್ಡರನ್ನೆಲ್ಲ ಇನ್ನೂ ಹತ್ತು ವರ್ಷ ಬೈಯಬೇಕು. ನಿನ್ನ ಭಾವನಿಗೆ ಒಂದು ಅನ್ನ ಇಳಿಸಲು ಬರುವುದಿಲ್ಲ, ಅವರನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಆದರೆ ನಿನ್ನೆ ನರ್ಸರಿ ಟೀಚರ್ ಫೋನು ಮಾಡಿದಳು. ನಮ್ಮ ಕುರ್ಚಿ ಸಾಲಿನವಳೇ, ಮೂವತ್ತು ದಾಟಿರಲಿಕ್ಕಿಲ್ಲ. ಅವಳಿಗೂ ನನ್ನ ಹಾಗೆ ಮಾತ್ರೆ ಹಿಡಿಸಿತ್ತು. ನಿಲ್ಲಿಸಿದ ಮೇಲೆ ಮತ್ತೆ ಕೆಮ್ಮು ಶುರುವಾಗಿದೆ. “ಅಕ್ಕಾ, ನಿಮಗೆಲ್ಲಾದ್ರೂ ಸಿಗ್ತಾ?” ಎಂದು ಕೇಳಿದಳು. “ಇಲ್ಲ ಕಣಮ್ಮಾ” ಎಂದೆ. ನೀನು ಕಳಿಸಿದ ಮಾತ್ರೆಯ ಡಬ್ಬಿ ಎದುರಿಗೇ ಇತ್ತು. “ಸಿಕ್ರೆ ನಂಗೂ ಹೇಳ್ತೀರಲ್ವಾ ಅಕ್ಕಾ?” ಎಂದಳು. ಹ್ಞೂಂ ಎಂದೆ. ನೋಡು, ನಿನ್ನ ಹ್ಞೂಂ ನನ್ನ ಬಾಯಿಗೂ ಬಂತು. ಫೋನಿಟ್ಟ ಮೇಲೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬಾಯಿ ಮುಚ್ಚಿಕೊಂಡಿರುತ್ತೇನೆಂದು ಸಹಿ ಹಾಕಿದವಳು ನಾನು. ನೀನು ಹಾಕಿಲ್ಲವಲ್ಲ? ದಾಸ್ತಾನು ಇದೆಯೆಂದು ಕಣ್ಣಾರೆ ಕಂಡವನು ನೀನು. ಸುಡುವುದು ಯಾವತ್ತು? ಸುಡಲು ಯಾರ ಅಪ್ಪಣೆ ಬೇಕು? ಬರೆ.

ನಿನ್ನ ಅಕ್ಕ

೨ ಮೇ

ಅಕ್ಕನಿಗೆ,

ನೀನು ಕೇಳುವುದು ಏನೆಂದು ಅರ್ಥವಾಯಿತು. ನಾನು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಅದು ಹೋಗಲಿ. ಮರುದಿನವೇ ನಿನ್ನ ಔಷಧಿಯನ್ನು ನಿಲ್ಲಿಸುತ್ತಾರೆ. ಮುಖ್ಯಸ್ಥರು ನಗುನಗುತ್ತಲೇ ಅದನ್ನು ನನಗೆ ಹೇಳಿಯೂ ಬಿಟ್ಟಿದ್ದಾರೆ. “ನಿಮ್ಮ ಅಕ್ಕನ ಆರೋಗ್ಯ ನಿಮ್ಮ ಕೈಲಿದೆ ಕಣ್ರೀ” ಎಂದರು.

ಸುಡುವ ಪತ್ರಕ್ಕೆ ಇಬ್ಬರ ಸಹಿ ಬೇಕು. ಒಂದು ಅವರದು, ಇನ್ನೊಂದು ಗೋದಾಮಿನ ಉಸ್ತುವಾರಿ ಇರುವ ನನ್ನದು. ಅವರು ಹಾಕಿಯಾಗಿದೆ. ಬರುವ ವಾರ ಲಾರಿ ಬರುತ್ತದೆ.

ನನ್ನನ್ನು ಹೇಡಿ ಎನ್ನು, ಏನು ಬೇಕಾದರೂ ಬೈ. ಅಮ್ಮ ಹೋದ ಮೇಲೆ ನನಗೆ ಇರುವವಳು ನೀನೊಬ್ಬಳೇ. ನಿನ್ನನ್ನು ಒತ್ತೆಯಿಟ್ಟು ಊರು ಉದ್ಧಾರ ಮಾಡಲು ನನ್ನಿಂದ ಆಗದು.

ನಿನ್ನ ತಮ್ಮ

೫ ಮೇ

ಲೋ,

ನನ್ನನ್ನು ಒತ್ತೆಯಿಟ್ಟವರು ಅವರು. ನೀನು ಬಡ್ಡಿ ಕಟ್ಟಿಕೊಂಡು ಕೂತಿದ್ದೀಯ.

ನನ್ನ ಔಷಧಿ ನಿಲ್ಲಿಸುತ್ತಾರೆಯೇ? ನಿಲ್ಲಿಸಲಿ. ಲಾರಿ ಬಂದು ಸರಕೆಲ್ಲ ಸುಟ್ಟ ಮೇಲೆ ನನಗೆ ತೆಗೆದಿಟ್ಟದ್ದು ಎಷ್ಟು ದಿನ ಬರುತ್ತದೆ ಅಂತ ಕೇಳಿದ್ದೀಯಾ? ಅದು ಮುಗಿದ ದಿನ ಯಾರ ಕಾಲು ಹಿಡಿಯುತ್ತೀಯ? ಆಗ ಗೋದಾಮು ಗುಡಿಸಿದರೂ ಒಂದು ಮಾತ್ರೆ ಸಿಗುವುದಿಲ್ಲ. ನಾನೂ ಸಾಯುತ್ತೇನೆ, ಆ ಟೀಚರ್ ಹುಡುಗಿ ನನಗಿಂತ ಮುಂಚೆ ಸಾಯುತ್ತಾಳೆ.

ನಿನಗೊಬ್ಬನಿಗೇ ಭಯ ಅಂದುಕೊಳ್ಳಬೇಡ. ನಿನ್ನ ಸಹಿ ಹಾಕಬೇಡ. ಎದ್ದು ಆಸ್ಪತ್ರೆಗೆ ಹೋಗು, ಡಾಕ್ಟರ ಎದುರು ನಿಂತು ಸರಕು ಇದೆ ಎಂದು ಬಾಯಿಬಿಟ್ಟು ಹೇಳು.

ಅಕ್ಕ

೧೬ ಮೇ

ಅಕ್ಕನಿಗೆ,

ಹೇಳಿದೆ.

ಲಾರಿ ಬಂದ ದಿನ ಸಹಿ ಹಾಕುವುದಿಲ್ಲವೆಂದೆ. ಮುಖ್ಯಸ್ಥರು ಮೊದಲು ನಕ್ಕರು, ಆಮೇಲೆ ಬಾಗಿಲು ಮುಚ್ಚಿಸಿ ಬಾಯಿಗೆ ಬಂದ ಹಾಗೆ ಬೈದರು. ನಾನು ಮೇಜು ಹಿಡಿದುಕೊಂಡೇ ನಿಂತಿದ್ದೆ. ಚಾಲಕ ಬೀಡಿ ಸೇದಿ ಮುಗಿಸಿ ಖಾಲಿ ಲಾರಿ ತಿರುಗಿಸಿಕೊಂಡು ಹೋದ. ನಾನು ಅಲ್ಲಿಂದ ನೇರ ನಿಮ್ಮ ಆಸ್ಪತ್ರೆಗೆ ಹೊರಟೆ.

ರೋಗಿಗಳ ಮೇಲೆ ನಡೆಯುವ ಪ್ರಯೋಗಗಳನ್ನು ನೋಡಿಕೊಳ್ಳಲು ಅಲ್ಲೊಂದು ಸಮಿತಿ ಇದೆ. ಅದರ ಮುಂದೆ ನಿನ್ನ ಡಾಕ್ಟರೇ ನನ್ನನ್ನು ನಿಲ್ಲಿಸಿದರು. ಇರುವ ಸರಕು, ಅದರ ಅವಧಿ, ಸುಡುವ ಆದೇಶ ಎಲ್ಲ ಹೇಳಿದೆ. ಹಿಡಿಸಿದವರಿಗೆ ಕೊಡಬೇಕು, ಹುಸಿ ಮಾತ್ರೆ ತಿಂದವರಿಗೂ ಒಮ್ಮೆ ನಿಜವಾದದ್ದು ಸಿಗಬೇಕು ಎಂದೆ. ಮಾಸ್ತರರ ವಿಷಯ ಬರೆದಿದ್ದೆಯಲ್ಲ, ಅದೇ ಬಾಯಿಗೆ ಬಂತು. ಡಾಕ್ಟರು ಮೇಜು ಗುದ್ದಿ, “ನಮ್ಗೆ ಸರಕೇ ಇಲ್ಲ ಅಂದಿದ್ರಲ್ರೀ!” ಎಂದರು. ಅವರೂ ನಂಬಿಬಿಟ್ಟಿದ್ದರು. ನಿನ್ನ ಮುಖ ನೋಡುವ ಧೈರ್ಯವಾಗದೆ ಮನೆಗೆ ಬರದೆ ಆಸ್ಪತ್ರೆಯಿಂದಲೇ ವಾಪಸಾದೆ.

ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ನಿನಗೆ ಈ ತಿಂಗಳ ಔಷಧಿ ಬರುವುದಿಲ್ಲ. ನೀನು ಬೈದರೂ ಪರವಾಗಿಲ್ಲ, ಒಂದು ಸಲ ಫೋನ್ ಎತ್ತು.

ನಿನ್ನ ತಮ್ಮ

೩೦ ಜೂನ್

ತಮ್ಮನಿಗೆ,

ಫೋನಿನಲ್ಲಿ ಅಷ್ಟು ಮಾತಾಡಿದ ಮೇಲೂ ಇದನ್ನು ಮಾತ್ರ ಬರೆದೇ ಹೇಳಬೇಕು ಅನ್ನಿಸಿತು.

ನೀನು ಸಮಿತಿಯ ಮುಂದೆ ಹೇಳಿದ್ದು ಪತ್ರಿಕೆಯಲ್ಲಿ ಬಂದ ಮೇಲೆ ನಿನ್ನ ಕಂಪನಿಯವರು ಬಾಲ ಮುದುರಿಕೊಂಡದ್ದು ನಿನಗೆ ಗೊತ್ತೇ ಇದೆ. ಮೊದಲೇ ಕೊಡುವವರಿದ್ದೆವು ಎಂದು ಈಗ ಹೇಳಿಕೊಂಡು ತಿರುಗುತ್ತಿದ್ದಾರಂತೆ, ನಾಚಿಕೆಗೆಟ್ಟವರು. ನಿನ್ನನ್ನು ಇನ್ನೂ ಕೆಲಸಕ್ಕೆ ಕರೆದಿಲ್ಲ, ಅದೂ ನನಗೆ ಗೊತ್ತು. ನಮಗೆ ಆಸ್ಪತ್ರೆಯಲ್ಲೇ ಮಾತ್ರೆ ಕೊಡುತ್ತಿದ್ದಾರೆ. ಟೀಚರ್ ಹುಡುಗಿಗೂ ಸಿಕ್ಕಿದೆ. ಅವಳಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. “ನಾನಾಗಿದ್ರೂ ಸಹಿ ಹಾಕ್ತಿದ್ದೆ ಅಕ್ಕಾ” ಎಂದಳು. ನನ್ನ ಸ್ಕ್ಯಾನ್ ಬಂತು. ಹಿಟ್ಟು ತಿಂದ ದಿನಗಳಲ್ಲಿ ಗಡ್ಡೆ ಮತ್ತೆ ಬೆಳೆದಿದೆ. ಇದೇ ಮಾತ್ರೆ ಇನ್ನೊಮ್ಮೆ ಕರಗಿಸುತ್ತದೆಯೋ ಇಲ್ಲವೋ, ನೋಡೋಣ ಅಂದಿದ್ದಾರೆ ಡಾಕ್ಟರು. ಈಗ ದಿನಕ್ಕೆ ಒಬ್ಬರಿಗೆ ಮಾತ್ರ ಕಾರು ಕಲಿಸುತ್ತೇನೆ.

ಸ್ಟೇಷನ್ ಮಾಸ್ತರರು ಈ ತಿಂಗಳ ಮೊದಲ ವಾರ ಹೋಗಿಬಿಟ್ಟರು. ನಾನು ಹೋಗಿ ಬಂದೆ. ಅದನ್ನು ಫೋನಿನಲ್ಲಿ ಹೇಳಿದ್ದೆ.

ನಿನ್ನೆ ಅವರ ಹೆಂಡತಿ ಬಂದಿದ್ದರು. ಕೈಯಲ್ಲಿ ನಿನ್ನ ಕಂಪನಿಯ ಕಾಗದ. ಮಾಸ್ತರರ ಹೆಸರಿಗೆ ಬಂದಿದೆ. ಹುಸಿ ಮಾತ್ರೆ ಪಡೆದವರಿಗೆ ಇನ್ನು ಮುಂದೆ ನಿಜವಾದ ಔಷಧಿ ಕೊಡಲು ಹರ್ಷವಾಗುತ್ತದೆ, ತಾವು ಇಂಥ ದಿನ ಆಸ್ಪತ್ರೆಗೆ ಬರುವಿರೋ ಇಲ್ಲವೋ ಮರುಟಪಾಲಿನಲ್ಲಿ ತಿಳಿಸಿ, ಎಂದು ಬರೆದಿದ್ದಾರೆ. ಹರ್ಷವಂತೆ! ಅವರ ಪರವಾಗಿ ನೀನು ಕೇಳಿದ್ದು, ಸಮಿತಿ ಒಪ್ಪಿದ್ದು, ಕಂಪನಿ ಮಣಿದದ್ದು ಎಲ್ಲ ನಿಜ. ನಿನ್ನ ತಪ್ಪು ಒಂದಿಷ್ಟೂ ಇಲ್ಲ. ಆದರೂ ಆ ಕಾಗದ ಓದಿ ಮುಗಿಸಿದವಳೇ ನಿನ್ನ ಕಂಪನಿಗೆ ಫೋನು ಮಾಡಿ ಜನ್ಮ ಜಾಲಾಡೋಣವೆಂದು ಎದ್ದೆ.

ಆಕೆ ನನ್ನ ಕೈ ಹಿಡಿದು ಕೂರಿಸಿದರು. ಅತ್ತು ಅತ್ತು ಮುಖ ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಬೈಬೇಡಿ. ಉತ್ತರ ಕೇಳಿದಾರಲ್ಲ, ಕೊಡೋಣ. ನೀವು ಬರೀರಿ” ಎಂದರು.

“ಏನಂತ ಬರೀಲಿ?” ಎಂದೆ.

“ಬರ್ತಾರೆ ಅಂತ ಬರೀರಿ. ಅವರೂ ಒಂದಿಷ್ಟು ಕಾಯ್ಲಿ.”

ಹಾಗೆಯೇ ಬರೆದೆ. ಕೆಳಗೆ ಆಕೆಯ ಸಹಿ ಹಾಕಿಸಿ, ಕಾರಿನಲ್ಲಿ ಮನೆಗೆ ಬಿಡುವಾಗ ದಾರಿಯಲ್ಲಿ ಇಳಿದು ಅಂಚೆ ಡಬ್ಬಿಗೆ ಹಾಕಿದೆ.

ನಿನ್ನ ಅಕ್ಕ